ರಿಪೀಟರಿನ ಕಿವಿ: ಸ್ಕ್ವೆಲ್ಚ್ ಕೋಡ್ ಬೆಳೆದ ದಾರಿ

ಮಂಗಳೂರಿನ ಜೆಪ್ಪು ನೇತ್ರಾವತಿಯ ದಂಡೆಯತ್ತ ಇಳಿಯುವ ತಗ್ಗು. ಅಲ್ಲಿಂದ 5 ವಾಟಿನ ವಾಕಿಟಾಕಿಯಲ್ಲಿ ಮಾತಾಡಿದರೆ ದನಿ ಗುಡ್ಡ, ಕಟ್ಟಡಗಳಿಗೆ ಬಡಿದು ಅಲ್ಲಲ್ಲೇ ಉಳಿಯುತ್ತದೆ. ಕದ್ರಿ ಗುಡ್ಡದಂಥ ಎತ್ತರದಲ್ಲಿ ಒಂದು ರಿಪೀಟರ್ ಕೂತರೆ ಅದೇ ದನಿ ಊರಿಡೀ ಮುಟ್ಟುತ್ತದೆ. ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿ, ಕೇಳಿದ್ದನ್ನು ಅದೇ ಗಳಿಗೆಯಲ್ಲಿ ಇನ್ನೊಂದರಲ್ಲಿ ಹೊರಗೆ ಬಿಡುತ್ತದೆ. ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, 144–146 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಈ ಎರಡರ ನಡುವಿನ ವಾಡಿಕೆಯ ಅಂತರ 600 ಕಿಲೋಹರ್ಟ್ಸ್. ಆದರೆ ಎತ್ತರದಲ್ಲಿರುವ ರಿಪೀಟರಿಗೆ ಜೆಪ್ಪುವಿನ ದನಿಯ ಜೊತೆಗೆ ಕಡಲ ಮೇಲಿಂದ ಬಂದದ್ದೂ ಕೇಳುತ್ತದೆ. ಯಾವುದಕ್ಕೆ ಓಗೊಡಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂದು ತೀರ್ಮಾನಿಸುವುದು ಸ್ಕ್ವೆಲ್ಚ್ ಕೋಡ್. ಕರಾವಳಿಯಲ್ಲಿ ಈ ಕೋಡ್ ರಿಪೀಟರಿನ ಕಿವಿಗೆ ಕಡ್ಡಾಯವಾಗಿ ಬೇಕು, ಮಾತಾಡುವವರ ಕಿವಿಗೆ ಬೇಡ. ಈ ತಂತ್ರ ಬೆಳೆದುಬಂದ ರೀತಿಯೇ ಅದಕ್ಕೆ ಪುರಾವೆ.

1940ರಲ್ಲಿ ಡೇನಿಯಲ್ ನೋಬಲ್ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಪೊಲೀಸರಿಗೆ ಎಫ್‌ಎಂ ದ್ವಿಮುಖ ರೇಡಿಯೋ ವ್ಯವಸ್ಥೆ ರೂಪಿಸಿದ. ಯಾರೂ ಮಾತಾಡದಿದ್ದಾಗ ಎಫ್‌ಎಂ ರಿಸೀವರ್ ಭೋರೆಂದು ಸದ್ದು ಮಾಡುತ್ತದೆ. ಆ ಸದ್ದನ್ನು ಅಡಗಿಸಿ, ಸಿಗ್ನಲ್ ಬಂದಾಗ ಸ್ಪೀಕರ್ ತೆರೆಯುವುದೇ ಮೂಲ ಸ್ಕ್ವೆಲ್ಚ್‌ನ ಕೆಲಸ. ಬಂದವರು ಯಾರೆಂದು ಅದು ವಿಚಾರಿಸುವುದಿಲ್ಲ. ಮುಂದೆ ಟ್ಯಾಕ್ಸಿ, ಲಾರಿ, ಕಾರ್ಖಾನೆಗಳು ಒಂದೇ ಚಾನೆಲ್ ಹಂಚಿಕೊಳ್ಳತೊಡಗಿದಾಗ ಪರರ ಮಾತು ಕೇಳುವುದೇ ಕಿರಿಕಿರಿಯಾಯಿತು. ಆಗ ಬಂದದ್ದು ಮಾತಿನ ಅಡಿಯಲ್ಲಿ ನಿರಂತರ ಹರಿಯುವ ಒಂದು ಸಣ್ಣ ಸ್ವರ, ಇಂದಿನ ಸಿಟಿಸಿಎಸ್‌ಎಸ್. ರೇಡಿಯೋದ ಮಾತು ಸುಮಾರು 300 ಹರ್ಟ್ಸ್‌ನಿಂದ ಮೇಲೆ ಇರುವುದರಿಂದ, 67.0ರಿಂದ 254.1ರವರೆಗಿನ ಸ್ವರಗಳನ್ನು ಅದರ ಕೆಳಗೆ ಅಡಗಿಸಿಡಬಹುದು. ಮೊದಲಿಗೆ ಪ್ರತಿ ಸ್ವರಕ್ಕೂ ಸೆಟ್ಟಿನೊಳಗೆ ಕಂಪಿಸುವ ಒಂದು ಲೋಹದ ರೀಡ್ ಕೂರಿಸಬೇಕಿತ್ತು, ಕೋಡ್ ಬದಲಿಸಬೇಕಾದರೆ ರೀಡನ್ನೇ ಬದಲಿಸಬೇಕಿತ್ತು. ಮೋಟರೋಲಾ ಇದನ್ನು ಪ್ರೈವೇಟ್ ಲೈನ್ ಎಂದು ಮಾರಿತು, ಜನರಲ್ ಎಲೆಕ್ಟ್ರಿಕ್ ಚಾನೆಲ್ ಗಾರ್ಡ್ ಎಂದಿತು, ಆರ್‌ಸಿಎ ಕ್ವೈಟ್ ಚಾನೆಲ್ ಎಂದಿತು. ಆಮೇಲೆ ಬಂದ ಡಿಸಿಎಸ್ ಎಂಬ ಡಿಜಿಟಲ್ ಪದ್ಧತಿ ಸ್ವರದ ಬದಲು ಸೆಕೆಂಡಿಗೆ 134.4 ಬಿಟ್ ವೇಗದಲ್ಲಿ 23 ಬಿಟ್‌ಗಳ ಒಂದು ಪದವನ್ನು ಮತ್ತೆ ಮತ್ತೆ ಕಳಿಸುತ್ತದೆ. ಅದರಲ್ಲಿ 11 ಬಿಟ್ ತಪ್ಪು ತಿದ್ದುವುದಕ್ಕೇ ಮೀಸಲು. 38 ಸ್ವರ, 83 ಡಿಸಿಎಸ್ ಸಂಖ್ಯೆ ಸೇರಿಸಿ ಇಂದಿನ ಅಗ್ಗದ ಸೆಟ್ಟುಗಳು ‘121 ಪ್ರೈವೆಸಿ ಕೋಡ್’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕುತ್ತವೆ. ಇದು ಶುದ್ಧ ವ್ಯಾಪಾರ. ಕೋಡ್ ಹಾಕದೆ ಅದೇ ಚಾನೆಲ್ಲಿಗೆ ತಿರುಗಿಸಿಕೊಂಡ ಯಾರಿಗಾದರೂ ಮಾತು ಪೂರ್ತಿ ಕೇಳುತ್ತದೆ. ಡಿಎಂಆರ್ ಎಂಬ ಡಿಜಿಟಲ್ ರೇಡಿಯೋ ಪದ್ಧತಿಯ 16 ಕಲರ್ ಕೋಡ್‌ಗಳದ್ದೂ ಇದೇ ಕಥೆ: ಅವು ಗುರುತು ಹೇಳುತ್ತವೆ, ಗುಟ್ಟು ಕಾಯುವುದಿಲ್ಲ.

ಹಾಗಾದರೆ ಕೋಡ್ ಯಾಕೆ ಬೇಕು? ಉತ್ತರ ಇರುವುದು ಅರಬ್ಬಿ ಸಮುದ್ರದ ಮೇಲೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯಲ್ಲಿದ್ದ 200 ಮೆಗಾಹರ್ಟ್ಸ್ ರಾಡಾರಿಗೆ ಮಳೆಗಾಲಕ್ಕೆ ಮುಂಚಿನ ಸೆಕೆಯ ದಿನಗಳಲ್ಲಿ ಸಾವಿರ ಮೈಲಿಗೂ ಆಚೆಯ ಅರೇಬಿಯಾದ ನೆಲ ಕಾಣಿಸುತ್ತಿತ್ತು. ನೀರಿನ ಮೇಲಿನ ತೇವದ ಗಾಳಿಯ ಮೇಲೆ ಒಣ ಬಿಸಿಗಾಳಿ ಪದರವಾಗಿ ಕೂತಾಗ ಇಂಥ ಅಲೆಗಳು ಆ ಪದರದ ಕೆಳಗೇ ಸಿಕ್ಕಿ ದೂರ ಸಾಗುತ್ತವೆ. 145 ಮೆಗಾಹರ್ಟ್ಸ್‌ಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ಕೇರಳದ ಕಡಲಂಚಿನಲ್ಲಿ ಅದೇ ಜೋಡಿ ಫ್ರೀಕ್ವೆನ್ಸಿಯ ರಿಪೀಟರಿಗೆ ಮಾತಾಡಿದವರು ಮಂಗಳೂರಿನ ರಿಪೀಟರನ್ನೂ ಎಬ್ಬಿಸಿಬಿಡಬಹುದು. ಸ್ಕ್ವೆಲ್ಚ್ ಗುಂಡಿಯನ್ನು ಬಿಗಿಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಕಡಲ ಮೇಲೆ ಬಂದ ಸಿಗ್ನಲ್ ಬಲವಾಗಿರುತ್ತದೆ, ಜೆಪ್ಪುವಿನ ತಗ್ಗಿನದು ಕ್ಷೀಣ. ಬಿಗಿಮಾಡಿದರೆ ಮೊದಲು ಹೊರಗೆ ಬೀಳುವುದು ನಮ್ಮವರೇ. ಕೋಡ್ ಬಲವನ್ನು ನೋಡದೆ ಗುರುತನ್ನು ನೋಡುತ್ತದೆ. ಹೊರಗಿನ ಸಿಗ್ನಲ್ ನಮ್ಮದನ್ನು ಪೂರ್ತಿ ಮುಚ್ಚಿಹಾಕಿದರೆ ಕೋಡೂ ನಿರುಪಾಯ, ಏಕೆಂದರೆ ಎಫ್‌ಎಂ ರಿಸೀವರಿನಲ್ಲಿ ಬಲವಾದದ್ದೇ ಗೆಲ್ಲುತ್ತದೆ. ಆಗಲೂ ರಿಪೀಟರ್ ಪರರ ಮಾತನ್ನು ಊರಿಗೆಲ್ಲ ಹರಡದೆ ಸುಮ್ಮನಿರುತ್ತದೆ, ಅಷ್ಟು ಲಾಭ.

ಸ್ವರದ ಆಯ್ಕೆಯಲ್ಲೂ ಸ್ವಲ್ಪ ಲೆಕ್ಕಾಚಾರ ಬೇಕು. ಈ ಸ್ವರಗಳ ಪಟ್ಟಿ ಹುಟ್ಟಿದ ಅಮೆರಿಕದಲ್ಲಿ ಮನೆಯ ಕರೆಂಟು 60 ಹರ್ಟ್ಸ್, ನಮ್ಮದು 50. ಪವರ್ ಸಪ್ಲೈಯಲ್ಲಿ ಉಳಿಯುವ ಗುಂಯ್ ಸದ್ದು ಅದರ ಇಮ್ಮಡಿ: ಅಲ್ಲಿ 120, ಇಲ್ಲಿ 100. ಪಟ್ಟಿಯಲ್ಲಿ 120 ಇಲ್ಲ, 100.0 ಇದೆ. ಕಳಪೆ ಅಡಾಪ್ಟರಿನ ಗುಂಯ್‌ಗೆ ಡಿಕೋಡರ್ ಮೋಸಹೋಗುವ ಈ ಸ್ವರವನ್ನು ನಮ್ಮಲ್ಲಿ ಬಿಡುವುದೇ ಲೇಸು. ತೀರಾ ಕೆಳಗಿನ 67.0 ಆರಿಸಿದರೆ ಗುರುತಿಸಲು ಹೆಚ್ಚು ಹೊತ್ತು ಹಿಡಿದು ಮಾತಿನ ಮೊದಲ ಅಕ್ಷರ ನುಂಗಿಹೋಗುತ್ತದೆ; 250ರ ಹತ್ತಿರ ಹೋದರೆ ಸ್ವರವೇ ಸ್ಪೀಕರಿನಲ್ಲಿ ಗೊಣಗುತ್ತದೆ. 103.5, 123.0ರಂಥ ನಡುವಿನವು ಸುರಕ್ಷಿತ. ಸೆಟ್ಟಿನ ಮೆನುವಿನಲ್ಲಿ ಕಳಿಸುವ ಕೋಡ್ ಮತ್ತು ಕೇಳುವ ಕೋಡ್ ಬೇರೆಬೇರೆ ಸಾಲುಗಳು. ಹೊಸಬರು ಎರಡರಲ್ಲೂ ಅದೇ ಸ್ವರ ತುಂಬಿ, ಸೆಟ್ಟು ಕೆಟ್ಟಿದೆ ಎನ್ನುತ್ತಾರೆ. ಅನೇಕ ರಿಪೀಟರುಗಳು 300 ಹರ್ಟ್ಸ್‌ನ ಕೆಳಗಿನದನ್ನೆಲ್ಲ ಸೋಸಿಬಿಡುತ್ತವೆ. ಹೊರಹೋಗುವಾಗ ಸ್ವರವನ್ನು ಹೊಸದಾಗಿ ಸೇರಿಸದಿದ್ದರೆ ಕೇಳುವ ಕೋಡ್ ಹಾಕಿದ ಸೆಟ್ಟು ಬಾಯಿ ಬಿಡುವುದೇ ಇಲ್ಲ. ರಿಪೀಟರ್ ಸೇರಿಸಿದರೂ ಆ ಸಾಲನ್ನು ಖಾಲಿ ಬಿಡುವುದು ಒಳ್ಳೆಯದು. ಕೋಡಿನ ಮರೆಯಲ್ಲಿ ಕೂತವರಿಗೆ ಚಾನೆಲ್ ಖಾಲಿಯೆಂಬ ಭ್ರಮೆ, ಇನ್ನೊಬ್ಬರ ಮಾತಿನ ಮೇಲೆ ಬಟನ್ ಒತ್ತುತ್ತಾರೆ. ಹಳೆಯ ಕಾರ್ ರೇಡಿಯೋಗಳಲ್ಲಿ ಮೈಕನ್ನು ಕೊಕ್ಕೆಯಿಂದ ತೆಗೆದ ಕೂಡಲೇ ಕೋಡ್ ತಾನಾಗಿ ರದ್ದಾಗುವಂತೆ ಮಾಡಿದ್ದು ಇದಕ್ಕೇ.

ಮಂಗಳೂರಿನ ದಕ್ಕೆಯಿಂದ ಹೊರಡುವ ಬೋಟುಗಳ 156.8 ಮೆಗಾಹರ್ಟ್ಸ್, ಅಂದರೆ 16ನೇ ಚಾನೆಲ್, ಕೋಡ್ ಇಲ್ಲದೆಯೇ ಜೀವ ಉಳಿಸುತ್ತಿರುವಾಗ ರಿಪೀಟರಿಗೇಕೆ ಎಂಬ ಆಕ್ಷೇಪ ತೂಕದ್ದು. ಆದರೆ ಆ ಚಾನೆಲ್ಲಿನಲ್ಲಿ ಕೇಳುವುದು ಮನುಷ್ಯ. ಅಪರಿಚಿತನ ಕೂಗನ್ನೂ ಕೇಳುವುದಕ್ಕೆಂದೇ ಅವನು ಅಲ್ಲಿದ್ದಾನೆ. ರಿಪೀಟರ್ ಯಂತ್ರ, ಕೇಳಿದ್ದನ್ನು ತೂಗಿ ನೋಡದೆ ದೊಡ್ಡದು ಮಾಡುತ್ತದೆ. ಇನ್ನು ನೆರೆ ಬಂದಾಗ ಕೋಡ್ ಗೊತ್ತಿಲ್ಲದೆ ಪರವೂರಿನ ಹ್ಯಾಮ್ ಬಂದರೆ ಏನು ಗತಿ ಎನ್ನುತ್ತಾರೆ. ಗುಟ್ಟಲ್ಲದ ಸಂಖ್ಯೆಯನ್ನು ಬಚ್ಚಿಡುವುದೇಕೆ? ಫ್ರೀಕ್ವೆನ್ಸಿಯ ಪಕ್ಕದಲ್ಲೇ ಅದನ್ನೂ ಪ್ರಕಟಿಸಬೇಕು. ರಿಪೀಟರಿನ ಕಂಟ್ರೋಲರಿನಲ್ಲಿ ಕೋಡ್ ತಪಾಸಣೆಯನ್ನು ದೂರದಿಂದಲೇ ಆರಿಸುವ ಆಜ್ಞೆಯೊಂದನ್ನು ಇಟ್ಟುಕೊಂಡರೆ, ನೇತ್ರಾವತಿ ಉಕ್ಕುವ ಜುಲೈಯಲ್ಲಿ ಬಾಗಿಲು ಹಾರುಹೊಡೆದಿಡಬಹುದು. ಹೇಗೂ ಕಡಲಾಚೆಯ ಸಿಗ್ನಲ್ಲುಗಳ ಕಾಟ ಹೆಚ್ಚಾಗಿ ಮಳೆಗಾಲಕ್ಕೆ ಮುಂಚಿನ ತಿಂಗಳುಗಳದ್ದು.