ವರ್ಣನೆಯೇ ವಸ್ತುವಾದಾಗ: ಫ್ರೀಡ್ರಿಕ್‌ನ ‘ಕಡಲ ತಡಿಯ ಸನ್ಯಾಸಿ’

ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿತು. ಆ ಮಿಷನ್ನಿನ ಪರವಾಗಿ 1853ರಲ್ಲಿ ಭಾರತಕ್ಕೆ ಬಂದು ಧಾರವಾಡದಲ್ಲೂ ದುಡಿದ ಜರ್ಮನ್ ವಿದ್ವಾಂಸ ಫರ್ಡಿನೆಂಡ್ ಕಿಟೆಲ್ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಅವರು ನಮ್ಮ ಶಾಸ್ತ್ರಗ್ರಂಥಗಳನ್ನು ಓದಿದರು; ನಮ್ಮ ಕಾವ್ಯಮೀಮಾಂಸೆಯ ನೆರವಿನಿಂದ ಜರ್ಮನ್ ಚಿತ್ರವೊಂದನ್ನು ಓದುವುದು ಈ ಲೇಖನದ ಉದ್ದೇಶ. ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್ (1774–1840) 1808–10ರ ಅವಧಿಯಲ್ಲಿ ಬರೆದ ‘ಕಡಲ ತಡಿಯ ಸನ್ಯಾಸಿ’ ಆ ಚಿತ್ರ.

ಆ ಕಾಲದ ಯುರೋಪಿನ ಅಕಾಡೆಮಿಗಳಲ್ಲಿ ಪುರಾಣ, ಧರ್ಮ, ಇತಿಹಾಸದ ಕಥೆ ಹೇಳುವ ಚಿತ್ರಕ್ಕೆ ಮೊದಲ ಮಣೆ. ನಿಸರ್ಗಚಿತ್ರಕ್ಕೆ ಕೆಳಗಿನ ಸ್ಥಾನ. ಫ್ರೀಡ್ರಿಕ್ ಬೆಟ್ಟದ ತುದಿಯ ಶಿಲುಬೆಯ ನೋಟವನ್ನು ಪೂಜಾಪೀಠದ ಚಿತ್ರವಾಗಿಸಿದಾಗ ವಿಮರ್ಶಕ ರಾಮ್ಡೋರ್ 1809ರಲ್ಲಿ ಕಟುವಾಗಿ ಆಕ್ಷೇಪಿಸಿದ. ನಿಸರ್ಗ ತಾನೊಂದೇ ಅರ್ಥದ ಭಾರ ಹೊರಬಲ್ಲದೇ ಎಂಬುದು ಆ ವಾದದ ತಿರುಳು.

ಇದು ನಮಗೂ ಪರಿಚಿತವಾದ ಪ್ರಶ್ನೆ. ಚಂಪೂ ಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವೂ ಒಂದು. ಆದರೆ ಅದು ಕಥೆಯ ಅಂಗ. ರಸಪ್ರಕ್ರಿಯೆಯಲ್ಲಿ ಬೆಳದಿಂಗಳು, ಉದ್ಯಾನ, ಮಳೆಗಾಲಗಳು ಭಾವವನ್ನು ಕೆರಳಿಸುವ ಉದ್ದೀಪನ ವಿಭಾವಗಳು. ಭಾವ ನೆಲೆಗೊಳ್ಳುವ ಆಲಂಬನ ವಿಭಾವ ಹೆಚ್ಚಾಗಿ ನಾಯಕ ಅಥವಾ ನಾಯಿಕೆ.

ಫ್ರೀಡ್ರಿಕ್ ಈ ಕ್ರಮವನ್ನು ಮಗುಚಿದ. 110 ಸೆಂ.ಮೀ. ಎತ್ತರ, 171.5 ಸೆಂ.ಮೀ. ಅಗಲದ ಚಿತ್ರದ ಬಹುಪಾಲು ಬರಿಯ ಆಕಾಶ. ಅದರಡಿ ಕಪ್ಪು ಕಡಲಿನ ಪಟ್ಟಿ, ಮಸುಕು ಮರಳು, ಅಲ್ಲೊಬ್ಬ ಪುಟ್ಟ ಸನ್ಯಾಸಿ. ಮೊದಲು ಕಡಲಲ್ಲಿ ಹಡಗುಗಳಿದ್ದವು, ಕಲಾವಿದ ಆಮೇಲೆ ಅವನ್ನು ಅಳಿಸಿದ ಎಂಬುದು ಅವಕೆಂಪು ಕಿರಣದ ಪರೀಕ್ಷೆಯಲ್ಲಿ ತಿಳಿದಿದೆ. ಹಡಗಿದ್ದರೆ ಪಯಣ, ಕಾಯುವಿಕೆ, ಅಪಾಯದ ಕಥೆಯೊಂದು ಹುಟ್ಟುತ್ತಿತ್ತು. ಅದೂ ಹೋದ ಮೇಲೆ ಕಡಲು–ಬಾನುಗಳೇ ಆಲಂಬನವಾದವು. ಮುಖ ತೋರದೆ ನಿಂತ ಸನ್ಯಾಸಿ ಈ ಚಿತ್ರದ ನಾಯಕನಲ್ಲ. ನಮಗಿಂತ ಮೊದಲೇ ಬಂದು ನೋಡುತ್ತಿರುವ ಸಹೃದಯ.

ಈ ಚಿತ್ರ ಹುಟ್ಟಿಸುವುದು ಯಾವ ರಸ? ನಾಯಕನಿಲ್ಲದ ಆಲಂಬನಕ್ಕೆ ನಮ್ಮ ಮೀಮಾಂಸೆ ಶಾಂತರಸದಲ್ಲಿ ಎಡೆ ಕೊಟ್ಟಿದೆ. ಅಲ್ಲಿ ಲೋಕದ ಅನಿತ್ಯತೆಯೇ ಆಲಂಬನವಾಗಬಹುದು. ಆದರೆ 1810ರಲ್ಲಿ ಬರ್ಲಿನ್ ಅಕಾಡೆಮಿಯಲ್ಲಿ ಈ ಚಿತ್ರ ಪ್ರದರ್ಶನಗೊಂಡಾಗ ಬರಹಗಾರ ಕ್ಲೈಸ್ಟ್ ದಾಖಲಿಸಿದ್ದು ಕಣ್ಣಿಗೆ ರೆಪ್ಪೆಯ ಆಸರೆಯೂ ಇಲ್ಲದಂಥ ತಲ್ಲಣವನ್ನು. ಚಿತ್ರ ನಮ್ಮನ್ನು ನಿರ್ವೇದದವರೆಗೆ, ಅಂದರೆ ಲೋಕದ ಬಗೆಗಿನ ವಿರಕ್ತಿಯವರೆಗೆ ಕರೆದೊಯ್ಯುತ್ತದೆ; ಶಮವನ್ನು, ಅಂದರೆ ಮನಸ್ಸಿನ ನೆಮ್ಮದಿಯನ್ನು ಕೈಗಿಡುವುದಿಲ್ಲ.

ಸಾಧನಕೇರಿಯ ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ಇದರ ಪಕ್ಕದಲ್ಲಿಟ್ಟರೆ ಈ ವ್ಯತ್ಯಾಸ ನಿಚ್ಚಳವಾಗುತ್ತದೆ. ಅಲ್ಲೂ ನಾಯಕನಿಲ್ಲ, ಕಥೆಯಿಲ್ಲ, ಮುಂಜಾವೇ ಆಲಂಬನ. ಎರಡರಲ್ಲೂ ವರ್ಣನೆಯೇ ವಸ್ತುವಾಗಿದೆ. ಆದರೆ ಬೇಂದ್ರೆಯವರ ಮುಂಜಾವು ಶಾಂತದಲ್ಲಿ ತಂಗುತ್ತದೆ. ಫ್ರೀಡ್ರಿಕ್‌ನ ಸನ್ಯಾಸಿ ಆ ಹೊಸ್ತಿಲಿನ ಈಚೆಗೇ ನಿಂತಿದ್ದಾನೆ.