ರೂಟರ್‌ಗೊಂದು ಸ್ಥಿರ ವಿಳಾಸ: ಏನಿದು ‘ಲೂಪ್‌ಬ್ಯಾಕ್’?

ಕೆನಡಾದ ಪ್ರಮುಖ ದೂರಸಂಪರ್ಕ ಸಂಸ್ಥೆ ರೋಜರ್ಸ್‌ನ ಜಾಲ 2022ರ ಜುಲೈ 8ರ ಮುಂಜಾನೆ ಏಕಾಏಕಿ ಸ್ತಬ್ಧಗೊಂಡಿತು. 1.2 ಕೋಟಿಗೂ ಅಧಿಕ ಗ್ರಾಹಕರು ಮೊಬೈಲ್, ದೂರವಾಣಿ, ಅಂತರ್ಜಾಲ ಸೇವೆಗಳಿಂದ ವಂಚಿತರಾದರು. 911 ತುರ್ತು ಕರೆಗಳಿಗೂ ಅಡ್ಡಿಯಾಯಿತು. ಜಾಲವನ್ನು ಮೇಲ್ದರ್ಜೆಗೇರಿಸುವ ಕಾರ್ಯದ ವೇಳೆ, ಮಾರ್ಗ ಮಾಹಿತಿಯನ್ನು ಸೋಸುವ ನಿಯಮವೊಂದನ್ನು ತೆಗೆದುಹಾಕಿದ್ದೇ ಇದಕ್ಕೆ ಮೂಲ. ಮಿತಿಮೀರಿದ ಮಾಹಿತಿ ನುಗ್ಗಿ ಕೇಂದ್ರ ರೂಟರ್‌ಗಳು ಕುಸಿದವು. ದುರಸ್ತಿ ವಿಳಂಬಗೊಂಡಿದ್ದಕ್ಕೆ ಮತ್ತೊಂದು ಕಾರಣವಿತ್ತು: ರೂಟರ್‌ಗಳನ್ನು ದೂರದಿಂದ ನಿಯಂತ್ರಿಸುವ ವ್ಯವಸ್ಥೆಯೂ ಅದೇ ಕೇಂದ್ರ ಜಾಲವನ್ನು ಅವಲಂಬಿಸಿತ್ತು.

ನೂರಾರು ಕಿಲೋಮೀಟರ್ ದೂರದ ರೂಟರನ್ನು ತಂತ್ರಜ್ಞರು ಕುಳಿತಲ್ಲಿಂದಲೇ ತಲುಪುವುದು ಹೇಗೆ? ರೂಟರ್‌ನಲ್ಲಿ ಕೇಬಲ್ ಜೋಡಿಸುವ ಹಲವು ಪೋರ್ಟ್‌ಗಳಿರುತ್ತವೆ. ಸಾಮಾನ್ಯವಾಗಿ ಪ್ರತಿಯೊಂದಕ್ಕೂ ಪ್ರತ್ಯೇಕ ಐಪಿ ವಿಳಾಸವಿರುತ್ತದೆ. ಇವುಗಳಲ್ಲೊಂದನ್ನು ನಂಬಿ ಕುಳಿತರೆ, ರಸ್ತೆ ಅಗೆಯುವಾಗ ಆ ಕೇಬಲ್ ತುಂಡಾದೊಡನೆ ಆ ವಿಳಾಸವೂ ನಿರುಪಯುಕ್ತ. ಉಳಿದ ಎರಡು ಸಂಪರ್ಕಗಳು ಸುಸ್ಥಿತಿಯಲ್ಲಿದ್ದರೂ ರೂಟರ್ ಸತ್ತಂತೆಯೇ ಕಾಣುತ್ತದೆ.

ಲೂಪ್‌ಬ್ಯಾಕ್ ಈ ತೊಡಕಿಗೆ ಪರಿಹಾರ. ಇದು ರೂಟರ್‌ನ ತಂತ್ರಾಂಶದೊಳಗೆ ಸೃಷ್ಟಿಸುವ ಕಾಲ್ಪನಿಕ ಪೋರ್ಟ್. ಇದಕ್ಕೆ ಕೇಬಲ್ ಇಲ್ಲವಾದ್ದರಿಂದ ತುಂಡಾಗುವ ಭಯವಿಲ್ಲ. ಯಾರಾದರೂ ಉದ್ದೇಶಪೂರ್ವಕವಾಗಿ ನಿಷ್ಕ್ರಿಯಗೊಳಿಸದ ಹೊರತು, ರೂಟರ್ ಚಾಲನೆಯಲ್ಲಿರುವವರೆಗೂ ಅದು ಜೀವಂತವಾಗಿರುತ್ತದೆ. (ಗಣಕಯಂತ್ರ ತನ್ನನ್ನು ತಾನೇ ಸಂಪರ್ಕಿಸಲು ಬಳಸುವ 127.0.0.1 ಇದಲ್ಲ, ಆ ವಿಳಾಸ ಯಂತ್ರದಿಂದ ಹೊರಗೆ ಹೋಗುವುದೇ ಇಲ್ಲ.)

ಆದರೆ ವಿಳಾಸ ನೀಡಿದ ಮಾತ್ರಕ್ಕೆ ಕೆಲಸ ಮುಗಿಯದು. ಮನೆಗೆ ಸಂಖ್ಯೆ ಬರೆಸಿ ಅಂಚೆ ಕಚೇರಿಗೆ ತಿಳಿಸದಿದ್ದರೆ ಪತ್ರ ಬಂದೀತೇ? ಲೂಪ್‌ಬ್ಯಾಕ್ ವಿಳಾಸವನ್ನು ಮಾರ್ಗಸೂಚಕ ಪ್ರೋಟೋಕಾಲ್ ಮೂಲಕ ಸಾರದಿದ್ದರೆ ಪಕ್ಕದ ರೂಟರ್‌ಗೂ ಅದರ ಸುಳಿವಿರುವುದಿಲ್ಲ. ಒಂದೇ ಸಂಸ್ಥೆಯ ಒಳಜಾಲದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಒಎಸ್‌ಪಿಎಫ್‌ನ ಎರಡನೆಯ ಆವೃತ್ತಿಗೆ 1998ರಲ್ಲಿ ಪ್ರಕಟವಾದ ದಾಖಲೆಯೇ ಇಂದಿಗೂ ಆಧಾರ. ಇದರಡಿ ಪ್ರತಿ ರೂಟರ್ ತನ್ನ ಸಂಪರ್ಕಗಳ ವಿವರವನ್ನು ಉಳಿದವಕ್ಕೆ ಹಂಚುತ್ತದೆ. ಅವು ಅತಿ ಕಡಿಮೆ ವೆಚ್ಚದ ಹಾದಿಯನ್ನು ಲೆಕ್ಕ ಹಾಕುತ್ತವೆ. ಒಂದು ಸಂಪರ್ಕ ಕಡಿದರೆ ಲೆಕ್ಕ ಮತ್ತೆ ನಡೆದು ಹಾದಿ ಬದಲಾಗುತ್ತದೆ, ವಿಳಾಸ ಬದಲಾಗುವುದಿಲ್ಲ. ಲೂಪ್‌ಬ್ಯಾಕನ್ನು ಸಾಮಾನ್ಯವಾಗಿ 32 ಬಿಟ್‌ಗಳ ಪೂರ್ಣ ಮುಖವಾಡದೊಂದಿಗೆ, ಅಂದರೆ ಒಂದೇ ಒಂದು ವಿಳಾಸದ ಮಾರ್ಗವಾಗಿ ಸಾರಲಾಗುತ್ತದೆ. ಸಾವಿರ ರೂಟರ್‌ಗಳಿಗೆ ಸಾವಿರ ವಿಳಾಸ ಸಾಕು.

ಹಿಂದಿರುಗುವ ಹಾದಿಯನ್ನು ಮರೆಯುವವರೇ ಹೆಚ್ಚು. ತಂತ್ರಜ್ಞರ ಗಣಕಯಂತ್ರವಿರುವ ಜಾಲಕ್ಕೆ ಮರಳುವ ಮಾರ್ಗ ದೂರದ ರೂಟರ್‌ಗೆ ತಿಳಿದಿರದಿದ್ದರೆ, ಕೋರಿಕೆ ತಲುಪಿದರೂ ಉತ್ತರ ಬಾರದು.

ಒಂದೇ ಸಂಸ್ಥೆಯ ರೂಟರ್‌ಗಳ ನಡುವಿನ ಬಿಜಿಪಿ ಸಂವಾದಕ್ಕೂ ಇದೇ ವಿಳಾಸ ಬಳಸುವುದು ರೂಢಿ. ದೋಷ ವರದಿಗಳೂ ಇದೇ ವಿಳಾಸದಿಂದ ಹೊರಡುವಂತೆ ಮಾಡಿದರೆ ಯಾವ ರೂಟರ್ ದೂರುತ್ತಿದೆ ಎಂಬ ಗೊಂದಲ ತಪ್ಪುತ್ತದೆ.

ಎಲ್ಲರಿಗೂ ತಿಳಿದ ಬಾಗಿಲು ಕಳ್ಳರಿಗೂ ತಿಳಿದಿರುತ್ತದಷ್ಟೇ. ಆದ್ದರಿಂದ ನಿರ್ವಹಣೆಗೆ ಮೀಸಲಾದ ಲೂಪ್‌ಬ್ಯಾಕ್ ವಿಳಾಸಗಳನ್ನು ಅನ್ಯ ಸಂಸ್ಥೆಗಳ ಜಾಲಗಳಿಗೆ ಸಾರಬಾರದು. ಗುಪ್ತಪದವನ್ನು ತೆರೆದಂತೆಯೇ ರವಾನಿಸುವ ಟೆಲ್‌ನೆಟ್ ಬದಲು ಎಸ್‌ಎಸ್‌ಎಚ್ ಬಳಸಬೇಕು, ಅದನ್ನೂ ನಿಗದಿತ ಗಣಕಯಂತ್ರಗಳಿಗಷ್ಟೇ ಸೀಮಿತಗೊಳಿಸಬೇಕು.

ಕೇಬಲ್ ಕಡಿದಾಗ ಲೂಪ್‌ಬ್ಯಾಕ್ ಕೈಹಿಡಿಯುತ್ತದೆ ನಿಜ. ಮಾರ್ಗ ಹುಡುಕುವ ವ್ಯವಸ್ಥೆಯೇ ಕುಸಿದಾಗ ಅದೂ ಅಸಹಾಯಕ. ರೋಜರ್ಸ್ ಪ್ರಕರಣದಲ್ಲಿ ಕಾರಣ ಪತ್ತೆಗೇ ಸುಮಾರು 14 ಗಂಟೆ ಹಿಡಿಯಿತು. ಇಂಥ ಸಂದರ್ಭಕ್ಕೆಂದು ರೂಟರ್‌ನ ಕನ್ಸೋಲ್ ಪೋರ್ಟ್‌ಗೆ ಪ್ರತ್ಯೇಕ ಸಂಪರ್ಕವೊಂದನ್ನು ಕಲ್ಪಿಸಿಡುವ ಪದ್ಧತಿಯಿದೆ. ಅದು ಅದೇ ಕೇಂದ್ರ ಜಾಲವನ್ನು ಅವಲಂಬಿಸದಿದ್ದರೆ ಮಾತ್ರ ಪ್ರಯೋಜನ.