ಸ್ಪಂಜು ಕೃಷಿ

ಸ್ಪಂಜು ಕೃಷಿಯೆಂಬುದು, ಬೆಚ್ಚನೆಯ ಸಮುದ್ರಗಳ ಆಳವಿಲ್ಲದ ಕರಾವಳಿಯ ನೀರಿನಲ್ಲಿ, ಮೃದುವಾದ ನಾರಿನ ಕಂಕಾಲವುಳ್ಳ ಸ್ಪಂಜುಗಳನ್ನು ತುಂಡುಗಳಿಂದ ಬೆಳೆಸಿ, ಸ್ನಾನಾದಿ ಉಪಯೋಗಗಳಿಗಾಗಿ ಕೊಯ್ಯುವ ಜಲಕೃಷಿ. ಸ್ಪಂಜು ಸಸ್ಯದಂತೆ ನೆಲೆಯೂರಿ ನಿಂತಿರುವುದಾದರೂ ಪಾರಿಫೆರ ವಂಶಕ್ಕೆ ಸೇರಿದ ಪ್ರಾಣಿ. ಬಾಯಿ, ಹೃದಯ, ನರಮಂಡಲಗಳೊಂದೂ ಇಲ್ಲದ ಅದರ ಶರೀರವು ಸೂಕ್ಷ್ಮರಂಧ್ರಗಳಿಂದಲೂ ನಾಳಗಳಿಂದಲೂ ವ್ಯಾಪ್ತವಾಗಿದ್ದು, ಒಳಗಿನ ಕಶಾಕೋಶಗಳ ಅವಿರತ ಚಲನೆಯಿಂದ ನೀರನ್ನು ಸೆಳೆದುಕೊಂಡು, ದಿನವೊಂದಕ್ಕೆ ತನ್ನ ಗಾತ್ರದ ಸಾವಿರಾರು ಪಟ್ಟು ನೀರನ್ನು ಸೋಸಿ, ಅದರಲ್ಲಿನ ಬ್ಯಾಕ್ಟೀರಿಯಗಳನ್ನೂ ಸೂಕ್ಷ್ಮ ಜೈವಿಕ ಕಣಗಳನ್ನೂ ಆಹಾರವಾಗಿ ಗ್ರಹಿಸುತ್ತದೆ. ಮೇವನ್ನಾಗಲಿ ಗೊಬ್ಬರವನ್ನಾಗಲಿ ಬೇಡದೆ, ತಾನಿರುವ ನೀರನ್ನೇ ತಿಳಿಗೊಳಿಸುತ್ತ ಬೆಳೆಯುವ ಇಂಥ ಪೈರು ಕೃಷಿಪ್ರಪಂಚದಲ್ಲಿ ಅಪೂರ್ವವೇ ಸರಿ.

ಈ ಕೃಷಿಗೆ ಆಧಾರವಾದುದು ಸ್ಪಂಜಿನ ಪುನರುತ್ಪಾದನ ಶಕ್ತಿ. ರೇಷ್ಮೆಬಟ್ಟೆಯ ಮೂಲಕ ಹಿಂಡಿ ಬೇರ್ಪಡಿಸಿದ ಸ್ಪಂಜಿನ ಜೀವಕೋಶಗಳು ಮತ್ತೆ ಒಂದುಗೂಡಿ ಹೊಸ ಸ್ಪಂಜಾಗುವುದನ್ನು ಅಮೆರಿಕದ ಜೀವವಿಜ್ಞಾನಿ ಎಚ್. ವಿ. ವಿಲ್ಸನ್ 1907ರಲ್ಲಿ ಪ್ರಕಟಪಡಿಸಿದನು. ತುಂಡಿನಿಂದ ಬೆಳೆ ತೆಗೆಯುವ ಯತ್ನವು ಅದಕ್ಕೂ ಹಿಂದಿನದು: ಆಸ್ಟ್ರಿಯದ ಆಳ್ವಿಕೆಗೊಳಪಟ್ಟಿದ್ದ ಏಡ್ರಿಯಾಟಿಕ್ ಸಮುದ್ರದ ಹ್ವಾರ್ ದ್ವೀಪದಲ್ಲಿ ಪ್ರಾಣಿವಿಜ್ಞಾನಿ ಆಸ್ಕರ್ ಶ್ಮಿಟ್ 1860ರ ದಶಕದಲ್ಲಿ ಇದನ್ನು ಪ್ರಯೋಗಿಸಿ ನೋಡಿದನು, ಆದರೆ ಸ್ಥಳೀಯ ಬೆಸ್ತರ ವಿರೋಧವು ಬಲವಾಗಿದ್ದುದರಿಂದ ಆ ಕಾರ್ಯವು 1872ರಲ್ಲಿ ನಿಂತುಹೋಯಿತು. ಅತ್ತ ಕಾಡುಸ್ಪಂಜಿನ ಬೇಟೆಯು ಮೆಡಿಟರೇನಿಯನ್ನಿನಲ್ಲಿ ಮಿತಿಮೀರಿ ನಡೆಯಿತು. ಮುಳುಗುಡುಪು ಬಳಕೆಗೆ ಬಂದ ಮೇಲೆ ಗ್ರೀಸಿನ ಕಾಲಿಮ್ನೊಸ್ ದ್ವೀಪದ ಮುಳುಗಾಳುಗಳಲ್ಲಿ ಅನೇಕರು ಆಳದಿಂದ ತ್ವರಿತವಾಗಿ ಮೇಲೇರುವುದರಿಂದುಂಟಾಗುವ ವ್ಯಾಧಿಗೆ ತುತ್ತಾಗಿ ಅಂಗವಿಕಲರಾದರು, ಮೃತರೂ ಆದರು.

ಕೃಷಿಯ ವಿಧಾನವು ಸರಳವಾದರೂ ಎಚ್ಚರಿಕೆಯನ್ನು ಅಪೇಕ್ಷಿಸುತ್ತದೆ. ಆರೋಗ್ಯವುಳ್ಳ ತಾಯಿಸ್ಪಂಜನ್ನು ನೀರಿನಿಂದ ಹೊರತೆಗೆಯದೆ, ನಾಳಗಳೊಳಗೆ ಗಾಳಿ ಹೊಗದಂತೆ, ಹರಿತವಾದ ಚಾಕುವಿನಿಂದ ತುಂಡರಿಸಬೇಕು. ಬುಡವನ್ನು ಬಂಡೆಯಲ್ಲಿಯೇ ಉಳಿಸಿದರೆ ಅದು ಪುನಃ ಚಿಗುರುತ್ತದೆ. ತುಂಡುಗಳನ್ನು ದಾರಕ್ಕೆ ಪೋಣಿಸಿ, ತೇಲುಬುರುಡೆ ಮತ್ತು ಲಂಗರುಗಳ ನಡುವೆ ಬಿಗಿದ ಹಗ್ಗಗಳಿಗೆ ತೂಗಹಾಕುತ್ತಾರೆ. ಇಳಿತದಲ್ಲಿಯೂ ಅವು ಗಾಳಿಗೆ ತೆರೆದುಕೊಳ್ಳಬಾರದು, ಹರಿವಿಲ್ಲದೆ ನೀರು ನಿಲ್ಲಬಾರದು, ಹೂಳು ಮುಚ್ಚಬಾರದು. ಗಾಯವು ಕೆಲವು ದಿನಗಳಲ್ಲಿಯೇ ಮಾಯುತ್ತದೆ. ಬಳಿಕ ಪಾಚಿಯನ್ನೂ ಅಂಟಿಕೊಂಡ ಇತರ ಜೀವಿಗಳನ್ನೂ ಆಗಾಗ ತೆಗೆಯುತ್ತಿದ್ದರೆ, ವರ್ಷವೊಂದಕ್ಕೋ ಅದಕ್ಕೂ ಮಿಗಿಲಾದ ಅವಧಿಗೋ ಸ್ಪಂಜು ಕೊಯ್ಲಿಗೆ ಬರುತ್ತದೆ. ಕೊಯ್ದುದನ್ನು ಕೊಳೆಯಿಸಿ, ಜೀವದ್ರವ್ಯವೆಲ್ಲ ಹೋಗುವಂತೆ ಹಿಂಡಿ ತೊಳೆದು, ಉಳಿದ, ಸ್ಪಂಜಿನ್ ಎಂಬ ನಾರಿನ ಕಂಕಾಲವನ್ನು ಒಣಗಿಸಿ ಮಾರುತ್ತಾರೆ.

ಇದರ ಸಾಮಾಜಿಕ ಮೌಲ್ಯವು ಪೂರ್ವ ಆಫ್ರಿಕದ ಜಾಂಜಿಬಾರ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿನ ಕರಾವಳಿಯ ಸ್ತ್ರೀಯರು 1980ರ ದಶಕದ ಕೊನೆಯಿಂದ ಸಮುದ್ರಪಾಚಿಯನ್ನು ಬೆಳೆಯುತ್ತಿದ್ದರು. ನೀರು ಕಾದು, ಹೆಚ್ಚು ಬೆಲೆಬಾಳುವ ತಳಿಯು ಸಾಯತೊಡಗಿತು. ಉಳಿದ ತಳಿಗೆ ದೊರೆಯುತ್ತಿದ್ದ ಬೆಲೆಯೋ ಅತ್ಯಲ್ಪ. ಆಗ್ನೇಯ ತೀರದ ಜಂಬಿಯಾನಿ ಗ್ರಾಮದಲ್ಲಿ ಮರೀನ್‌ಕಲ್ಚರ್ಸ್ ಎಂಬ ಸ್ವಿಸ್ ಸಂಸ್ಥೆಯ ನೆರವಿನಿಂದ ಸ್ತ್ರೀಯರು ಈಜನ್ನೂ ಸ್ಪಂಜು ಕೃಷಿಯನ್ನೂ ಕಲಿತು, ಪ್ರವಾಸಿಗಳಿಗೂ ಅಂಗಡಿಗಳಿಗೂ ಸ್ಪಂಜನ್ನು ಮಾರಿ ಸ್ವಂತ ಆದಾಯವನ್ನು ಪಡೆಯುತ್ತಿದ್ದಾರೆ. ಪೆಸಿಫಿಕ್ ಸಾಗರದ ಮೈಕ್ರೊನೇಷಿಯದ ಪೊನ್‌ಪೈ ದ್ವೀಪದಲ್ಲಿಯೂ ಇಂಥ ಕೃಷಿಯುಂಟು.

ಆದರೆ ಈ ಉದ್ಯೋಗವನ್ನು ನಿರಪಾಯವೆಂದು ಎಣಿಸಲಾಗದು. 1938-39ರಲ್ಲಿ ಬಹಾಮಾಸ್‌ನಲ್ಲಿ ತಲೆದೋರಿದ ಸಾಂಕ್ರಾಮಿಕ ರೋಗವು ಫ್ಲಾರಿಡ, ಬ್ರಿಟಿಷ್ ಹೊಂಡುರಾಸ್‌ಗಳವರೆಗೆ ವ್ಯಾಪಿಸಿ, ಕಾಡುಸ್ಪಂಜುಗಳೊಡನೆ ಕೃಷಿಯ ಸ್ಪಂಜುಗಳನ್ನೂ ನಾಶಮಾಡಿತು. 1986ರ ಬಳಿಕ ಮೆಡಿಟರೇನಿಯನ್ನಿನಲ್ಲಿಯೂ ಅದೇ ಬಗೆಯ ಹಾನಿ ಒದಗಿತು. ಆದುದರಿಂದ ಆಯಾ ತೀರದ ತಳಿಯನ್ನೇ ಬೆಳೆಯುವುದು, ಬಿತ್ತನೆಗೆ ಕಾಡುಸ್ಪಂಜನ್ನು ಪದೇಪದೇ ಆಶ್ರಯಿಸದೆ ತೋಟದಲ್ಲಿಯೇ ತಾಯಿಸ್ಪಂಜುಗಳನ್ನು ಉಳಿಸಿಕೊಳ್ಳುವುದು, ಹಗ್ಗಗಳನ್ನು ವಿರಳವಾಗಿ ಕಟ್ಟಿ ರೋಗಗ್ರಸ್ತ ತುಂಡುಗಳನ್ನು ಕೂಡಲೆ ತೆಗೆಯುವುದು, ಇವು ಈ ಕೃಷಿಯ ಮೂಲನಿಯಮಗಳು. ಕೊಳಕು ನೀರಿನಲ್ಲಿ ಬೆಳೆದ ಸ್ಪಂಜು ವಿಷದ್ರವ್ಯಗಳನ್ನು ತನ್ನಲ್ಲಿ ಸಂಚಯಿಸಿಕೊಳ್ಳುವುದರಿಂದ, ಸ್ಪಂಜನ್ನು ಬೆಳೆಯಬಯಸುವವರು ಮೊದಲು ತಮ್ಮ ಕಡಲನ್ನು ಶುದ್ಧವಾಗಿ ಉಳಿಸಿಕೊಳ್ಳಬೇಕಾದುದು ಅನಿವಾರ್ಯ. ಕೃಷಿಕನ ಲಾಭವೂ ಸಮುದ್ರದ ಕ್ಷೇಮವೂ ಇಲ್ಲಿ ಒಂದನ್ನೊಂದು ಬಿಟ್ಟು ಇರಲಾರವು.